ಪ್ಯಾಕಿಂಗ್ ಅಂಗಡಿಯ ಚೀಟಿ ಓದೋದು ಹೇಗೆ? ಆರ್‌ಇ 750, ಫೈವ್ ಸಿಪಿ, ಎಚ್‌ಎಂ, ಜಿಎಸ್‌ಎಂ...

ಸುಮಾ ಚಿಂಚವಡ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಇರೋದು ಪುಣೆಯ ಚಿಂಚವಡದಲ್ಲಿ. ಮನೆಯಿಂದಲೇ ಊಟದ ಡಬ್ಬಿ ಶುರು ಮಾಡುತ್ತಿದ್ದೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಅನ್ನ, ಸಾರು, ಶೇಂಗಾ ಚಟ್ನಿ, ಮೊಸರು. ಗಿರಾಕಿಗಳು ಹೆಚ್ಚಾಗಿ ಹಿಂಜವಡಿ ಆಫೀಸುಗಳ ನಮ್ಮ ಕಡೆಯ ಹುಡುಗ ಹುಡುಗಿಯರು. ಅಡುಗೆ ಬಗ್ಗೆ ನನಗೆ ಚಿಂತೆ ಇಲ್ಲ. ತಲೆ ತಿನ್ನುತ್ತಿರೋದು ಪ್ಯಾಕಿಂಗ್.

ಮೊನ್ನೆ ಪುಣೆಯ ರವಿವಾರ ಪೇಠ ಅನ್ನೋ ಪೇಟೆಯ ಬೋಹರಿ ಆಳಿ (ಗಲ್ಲಿ) ಕಡೆ ಹೋಗಿದ್ದೆ. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. "ಡಬ್ಬಿ ಬೇಕು" ಅಂದೆ. ಆತ ಒಂದೇ ಉಸಿರಿನಲ್ಲಿ ಹತ್ತು ಪ್ರಶ್ನೆ ಕೇಳಿದ. ಸಿಪಿ ಎಷ್ಟು, ಮೈಕ್ರಾನ್ ಎಷ್ಟು, ವರ್ಜಿನ್ ಬೇಕಾ, ಸಾದಾ ನಡೆಯುತ್ತಾ. ನಾನು ಸುಮ್ನೆ ನಿಂತಿದ್ದು ನೋಡಿ ತಾನೇ ಒಂದು ಚೀಟಿ ಬರೆದುಕೊಟ್ಟ, ಯೋಚನೆ ಮಾಡಿ ಬನ್ನಿ ಅಂದ. ಚೀಟಿಯಲ್ಲಿ ಇರೋದು ಇಷ್ಟು:

ಆರ್‌ಇ 750 ಬ್ಲ್ಯಾಕ್, ಮುಚ್ಚಳ ಸಹಿತ
ಆರ್‌ಒ 250
5 ಸಿಪಿ ಬಗಾಸ್
ಎಚ್‌ಎಂ 10×12
ಎಲ್‌ಡಿ 200 ಗೇಜ್
ಫಾಯಿಲ್ 1 ಕಿಲೋ ಗ್ರಾಸ್
ಬಟರ್ ಪೇಪರ್ 40 ಜಿಎಸ್‌ಎಂ

ಇದರಲ್ಲಿ ಏನು ಏನು? ಬಿಸಿ ಸಾರಿಗೆ ಯಾವುದು? ಯಾವುದನ್ನು ಕೇಳಿದರೂ "ಫುಡ್ ಗ್ರೇಡ್ ಆಹೆ" ಅಂತಾನೆ, ಅಂದರೆ ಊಟಕ್ಕೆ ಬಳಸಬಹುದಾದ ಮಾಲು. ಅದನ್ನು ನಂಬಬಹುದಾ?

ಇನ್ನೊಂದು. ನಿಗಡಿಯಲ್ಲಿ ಒಂದು ಗೃಹಪ್ರವೇಶದ ಊಟ ಒಪ್ಪಿಕೊಂಡಿದ್ದೇನೆ, 60 ಜನ, ಬಫೆ. ಪಾತ್ರೆ ಬಾಡಿಗೆಯವನು ಫೋನಿನಲ್ಲಿ "ಜಿಎನ್ ಒನ್ ಬೈ ಒನ್ ಬೇಕಾ, ಹಾಫ್ ಬೇಕಾ" ಅಂದ. ಆಮೇಲೆ ಹೇಳುತ್ತೇನೆ ಅಂತ ಫೋನ್ ಇಟ್ಟೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

---

ಭೋಸರಿ ಕಾಕಾ

ಸುಮಾ ತಂಗಿ, ಚೀಟಿ ನೋಡಿದೆ. ಭೋಸರಿ ಎಂಐಡಿಸಿಯಲ್ಲಿ ಕಾರ್ಖಾನೆ ಕ್ಯಾಂಟೀನ್ ನಡೆಸಿ ತಲೆ ಬೆಳ್ಳಗಾದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಸಾಮಾನು ತರುವವನು ಮಾತ್ರ. ಹಾಗಾಗಿ ಬೋಹರಿ ಆಳಿಯ ಚೀಟಿ ನನಗೆ ದಿನದ ಪೇಪರ್ ಇದ್ದ ಹಾಗೆ.

ಅಂಗಡಿಯವನು ಮೋಸ ಮಾಡಿಲ್ಲ. ಆತ ಡಬ್ಬಿ ಮಾರುವವನು, ಡಬ್ಬಿ ಬಗ್ಗೆ ಕೇಳಿದ. ಒಳಗೆ ಹಾಕುವ ಪದಾರ್ಥ ಯಾವುದು, ಎಷ್ಟು ಬಿಸಿ, ಎಷ್ಟು ಹೊತ್ತು ಒಳಗೆ ಇರುತ್ತದೆ, ಇದನ್ನು ನೀನು ಹೇಳಬೇಕು. ನಿನ್ನ ಊಟದಲ್ಲಿ ಏಳು ಪದಾರ್ಥ ಇವೆ. ಏಳಕ್ಕೂ ಒಂದೇ ಜಾತಿ ಡಬ್ಬಿ ಹೊಂದುವುದಿಲ್ಲ.

ಆರ್‌ಇ ಅಂದರೆ ಉದ್ದ ಚೌಕದ ಡಬ್ಬಿ. ಆರ್‌ಒ ಅಂದರೆ ದುಂಡನೆಯದು. ಮುಂದಿನ ನಂಬರ್ ಮಿಲಿ ಲೆಕ್ಕ. ಆದರೆ ಅದು ಕಂಠದವರೆಗೆ ತುಂಬಿದ ಲೆಕ್ಕ, ನೆನಪಿರಲಿ. 250ರ ಡಬ್ಬಿಯಲ್ಲಿ 250 ಮಿಲಿ ಸಾರು ಹಾಕಿದರೆ ಮುಚ್ಚಳ ಒತ್ತುವಾಗಲೇ ನಿನ್ನ ಕೈ ಮೇಲೆ ಬರುತ್ತದೆ. ಒಂದು ಬೆರಳು ಜಾಗ ಬಿಡಬೇಕು. 200 ಮಿಲಿ ಸಾರು ಕೊಡುವುದಿದ್ದರೆ 250 ತಗೋ. ಬ್ಲ್ಯಾಕ್ ಅಂದರೆ ಬುಡ ಕಪ್ಪು, ಮುಚ್ಚಳ ಪಾರದರ್ಶಕ. ನೋಡಲು ಚೆಂದ, ಅಷ್ಟೇ.

ಮುಚ್ಚಳ ಮತ್ತು ಬುಡ ಯಾವಾಗಲೂ ಒಂದೇ ಕಂಪನಿಯದು ತಗೋ. ಎರಡರ ಮೇಲೂ 250 ಅಂತಲೇ ಇರುತ್ತದೆ, ಆದರೂ ಅಂಚು ಕೂಡುವುದಿಲ್ಲ. ಅಂಗಡಿಯಲ್ಲೇ ಒಂದಕ್ಕೆ ನೀರು ತುಂಬಿ, ಮುಚ್ಚಿ, ಬೋರಲು ಹಿಡಿದು ನಾಲ್ಕೂ ಮೂಲೆ ಒತ್ತಿ ನೋಡು. ಅಂಗಡಿಯವನು ಬೈದರೆ ಬೈಯಲಿ. ಉದ್ದ ಚೌಕದ ಡಬ್ಬಿ ಸೋರಿದರೆ ಮೂಲೆಯಲ್ಲೇ ಸೋರುವುದು. ಅದಕ್ಕೇ ಸಾರು, ಹುಳಿ, ಮಜ್ಜಿಗೆಗೆ ದುಂಡನೆಯದೇ ವಾಸಿ. ಕುದಿಯುವ ಸಾರು ಹಾಕಿದ ಕೂಡಲೇ ಮುಚ್ಚಬೇಡ. ಒಳಗಿನ ಹಬೆಗೆ ಮುಚ್ಚಳ ಉಬ್ಬಿ, ದಾರಿಯಲ್ಲಿ ಬೈಕ್ ಒಂದು ಗುಂಡಿಗೆ ಬಿದ್ದರೆ ಸಾಕು, ಹಾರುತ್ತದೆ. ಎರಡು ನಿಮಿಷ ಹಬೆ ಹೋಗಲಿ, ಆಮೇಲೆ ಒತ್ತು.

ಈಗ ಮುಖ್ಯ ಮಾತು. ಡಬ್ಬಿ ತಿರುಗಿಸಿ ಬುಡ ನೋಡು. ತ್ರಿಕೋನದ ಒಳಗೆ ಒಂದು ನಂಬರ್ ಇರುತ್ತದೆ. ನಿನಗೆ ಬೇಕಾದ್ದು 5. ಅದು ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಅದು ಕರಗುವುದು ಸುಮಾರು 160 ಡಿಗ್ರಿಗೆ, ಹಾಗಾಗಿ ಬಿಸಿ ಸಾರು ತಡೆಯುತ್ತದೆ. 1 ಇದ್ದರೆ ಪಿಇಟಿ. ಗಾಜಿನ ಹಾಗೆ ಹೊಳೆಯುತ್ತದೆ, ಆದರೆ 70-80 ಡಿಗ್ರಿಗೇ ಸೊಟ್ಟಗಾಗುತ್ತದೆ. ಲಾಡು, ಕೋಸಂಬರಿ, ಒಣ ಚಟ್ನಿಪುಡಿಗೆ ಇರಲಿ. 6 ಇದ್ದರೆ ಪಾಲಿಸ್ಟೈರೀನ್, ಮುರಿದರೆ ಚಟ್ ಅಂತ ಚೂರಾಗುವ ಜಾತಿ. ಬಿಸಿಗೆ ಬೇಡವೇ ಬೇಡ. ಥರ್ಮೊಕೋಲ್ ಕೂಡ ಅದೇ ಮನೆತನ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು. ಮಹಾರಾಷ್ಟ್ರದಲ್ಲಿ 2018ರ ಮಾರ್ಚ್ 23ರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಕೈಚೀಲ, ಥರ್ಮೊಕೋಲ್ ತಟ್ಟೆ ಮಾತ್ರ ಅಲ್ಲ, ಹೋಟೆಲ್ ಪಾರ್ಸೆಲ್‌ಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಡಬ್ಬಿ, ಬಟ್ಟಲು, ಚಮಚ ಕೂಡ ಇವೆ. ದಂಡ ಮೊದಲ ಸಲ 5,000, ಎರಡನೇ ಸಲ 10,000, ಮೂರನೇ ಸಲ 25,000 ಮತ್ತು ಮೂರು ತಿಂಗಳ ಜೈಲು. ಅಂಗಡಿಯಲ್ಲಿ ರಾಶಿ ಬಿದ್ದಿದೆ, ಎಲ್ಲರೂ ಒಯ್ಯುತ್ತಾರೆ, ಅದು ನಿಜ. ಆದರೆ ಪಾಲಿಕೆಯವರು ಬಂದಾಗ "ಎಲ್ಲರೂ ಬಳಸುತ್ತಾರೆ ಸಾಹೇಬ್ರೆ" ಅಂದರೆ ರಸೀದಿ ಹರಿಯುವುದು ನಿಲ್ಲುವುದಿಲ್ಲ.

ಅದಕ್ಕೆ ನನ್ನ ಸಲಹೆ ಕೇಳು. ನಿನ್ನ ಗಿರಾಕಿಗಳು ದಿನಾ ಅವರೇ, ಜಾಗವೂ ಅದೇ. ಅವರಿಗೆ ಬಿಸಾಡುವ ಡಬ್ಬಿ ಯಾಕೆ? ಸ್ಟೀಲ್ ಡಬ್ಬಿ ಕೊಡು. ಒಬ್ಬರಿಗೆ ಎರಡು ಸೆಟ್, ಇವತ್ತಿನದು ಕೊಡುವಾಗ ನಿನ್ನೆಯದು ವಾಪಸ್. ಡಿಪಾಸಿಟ್ ತಗೋ. ಹಣಕ್ಕಾಗಿ ಅಲ್ಲ, ಡಬ್ಬಿ ನೆನಪಿರಲಿ ಅಂತ. ಬಿಸಾಡುವ ಸಾಮಾನು ಬೇಕಾಗೋದು ಒಂದೇ ಸಲದ ಆರ್ಡರ್‌ಗೆ ಮಾತ್ರ, ಅದಕ್ಕೆ ಆ 5 ಸಿಪಿ ಬಗಾಸ್ ಇದೆ. ಸಿಪಿ ಅಂದರೆ ಕಂಪಾರ್ಟ್‌ಮೆಂಟ್, ಐದು ಖಾನೆಯ ತಟ್ಟೆ. ಬಗಾಸ್ ಅಂದರೆ ಕಬ್ಬಿನ ಸಿಪ್ಪೆ, ಗಾಣದಿಂದ ರಸ ತೆಗೆದ ಮೇಲೆ ಉಳಿಯುವುದು. ಅದನ್ನು ಅರೆದು ಅಚ್ಚಿಗೆ ಒತ್ತಿ ಮಾಡುತ್ತಾರೆ. ಪಲ್ಯ, ಅನ್ನ, ರೊಟ್ಟಿಗೆ ಏನೂ ತೊಂದರೆ ಇಲ್ಲ. ಸಾರು ಹಾಕಿ ಬಹಳ ಹೊತ್ತು ಬಿಟ್ಟರೆ ಬುಡ ಮೆತ್ತಗಾಗುತ್ತದೆ. ತಗೊಳ್ಳುವ ಮುಂಚೆ ಒಂದು ತಟ್ಟೆ ಮನೆಗೆ ತಂದು, ಎಣ್ಣೆಗಾಯಿ ರಸ ಹಾಕಿ ಪೇಪರ್ ಮೇಲೆ ಇಟ್ಟು, ಮಧ್ಯಾಹ್ನದ ನಿದ್ದೆ ಮಾಡಿ ಎದ್ದು ನೋಡು. ಪೇಪರ್ ಮೇಲೆ ಎಣ್ಣೆ ಕಲೆ ಬಿದ್ದಿದ್ದರೆ ಆ ಮಾಲು ಬೇಡ.

ಎಚ್‌ಎಂ ಸಾಲು ಚೀಟಿಯಿಂದ ಹೊಡೆದುಹಾಕು. ಅದು ತೆಳು ಕೈಚೀಲದ ಪ್ಲಾಸ್ಟಿಕ್, ಆ ನಿಷೇಧದಲ್ಲೇ ಬರುತ್ತದೆ. 10×12 ಅದರ ಅಳತೆ, ಇಂಚಿನಲ್ಲಿ. ಉಳಿದದ್ದು ನಾಳೆ ಬರೆಯುತ್ತೇನೆ, ಕಣ್ಣು ಉರಿಯುತ್ತಿದೆ.

---

ಚಾಕಣ ಮೋಲ್ಡಿಂಗ್

ಕಾಕಾ ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಚಾಕಣದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿ ಇರುವವನು, ಗದಗದವನು. ಎರಡು ಮಾತು ಸೇರಿಸುತ್ತೇನೆ.

ಆ ತ್ರಿಕೋನದ ನಂಬರ್ ಮಾಲು ಯಾವುದು ಅಂತ ಹೇಳುತ್ತದೆ, ಅಷ್ಟೇ. ಆಹಾರಕ್ಕೆ ಆಗುತ್ತದೆ ಅನ್ನೋ ಗ್ಯಾರಂಟಿ ಅಲ್ಲ. 5 ಅಂತ ಇರುವ ಬಕೆಟ್ ಕೂಡ ಇದೆ. ಆಹಾರದ ಗುರುತು ಬೇರೆ, ಲೋಟ ಮತ್ತು ಫೋರ್ಕ್ ಚಿತ್ರ. ಪೇಟಿ ಮೇಲೆ ಐಎಸ್ 10910 ಅಂತ ಇದ್ದರೆ ಅದು ಆಹಾರಕ್ಕೆ ಮುಟ್ಟುವ ಪಿಪಿಗೆ ಇರುವ ಭಾರತೀಯ ಮಾನದಂಡ. ಐಎಸ್ 9845 ಅಂತ ಇದ್ದರೆ ಅದು ಪರೀಕ್ಷೆಯ ವಿಧಾನ. ಪ್ಲಾಸ್ಟಿಕ್‌ನಿಂದ ಊಟಕ್ಕೆ ಏನೆಲ್ಲ ಇಳಿಯುತ್ತದೆ ಅಂತ ಅಳೆಯೋದು. ಎಲ್ಲ ಸೇರಿ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ದಾಟಬಾರದು. ಅಂಗಡಿಯವರ ಬಳಿ ಆ ರಿಪೋರ್ಟಿನ ಪ್ರತಿ ಕೇಳಿ. ದೊಡ್ಡ ಕಂಪನಿ ಮಾಲಾದರೆ ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ. "ಫುಡ್ ಗ್ರೇಡ್ ಆಹೆ" ಅನ್ನೋದು ಅಂಗಡಿಯವನ ಬಾಯಿಗಿಂತ ಪೇಟಿ ಮೇಲೆ ಇರಬೇಕು.

ವರ್ಜಿನ್ ಅಂದರೆ ಹೊಸ ದಾಣಾ, ಅಂದರೆ ಕಾರ್ಖಾನೆಯಿಂದ ಮೊದಲ ಸಲ ಬಂದ ಪ್ಲಾಸ್ಟಿಕ್ ಕಾಳು. "ಸಾದಾ" ಅಂತ ಆತ ಹೇಳಿದ್ದು ಬಹುಶಃ ರೀಪ್ರೊಸೆಸ್, ಅಂದರೆ ಹಳೆ ಮಾಲು ಕರಗಿಸಿ ಮತ್ತೆ ದಾಣಾ ಮಾಡಿದ್ದು. ಊಟದ ಡಬ್ಬಿಗೆ ಅದು ಬೇಡ. ಬಣ್ಣದ ವಿಷಯಕ್ಕೆ ಬಂದರೆ, ಕಪ್ಪಿನಲ್ಲಿ ಏನು ಬೆರೆಸಿದರೂ ಕಾಣೋದಿಲ್ಲ. ಎಲ್ಲ ಕಪ್ಪು ಡಬ್ಬಿಯೂ ಕೆಟ್ಟದ್ದು ಅಂತ ಅಲ್ಲ. ಪರಿಚಯ ಇಲ್ಲದ ಮಾಲಾದರೆ ನಾನು ಬಿಳಿ ಅಥವಾ ಪಾರದರ್ಶಕ ತಗೊಳ್ಳುತ್ತೇನೆ. ಮೂಗಿನ ಪರೀಕ್ಷೆಯೂ ಇದೆ. ಕುದಿ ನೀರು ಹಾಕಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮೂಸಿ. ಸೀಮೆಎಣ್ಣೆಯ ಹಾಗೆ ಅಥವಾ ಸುಟ್ಟ ವಾಸನೆ ಬಂದರೆ ವಾಪಸ್ ಕೊಡಿ.

ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಗೇಜ್ ಹಳೆ ಲೆಕ್ಕ, 100 ಗೇಜ್ ಅಂದರೆ ಸುಮಾರು 25 ಮೈಕ್ರಾನ್. ಹಾಗಾಗಿ ನಿಮ್ಮ ಚೀಟಿಯ 200 ಗೇಜ್ ಎಲ್‌ಡಿ ಅಂದರೆ 50 ಮೈಕ್ರಾನ್. ದೇಶಕ್ಕೆಲ್ಲ ಇರುವ ನಿಯಮದಲ್ಲಿ 2022ರ ಡಿಸೆಂಬರ್ 31ರಿಂದ ಕೈಚೀಲ 120 ಮೈಕ್ರಾನ್‌ಗಿಂತ ತೆಳು ಇರಬಾರದು, ಮಹಾರಾಷ್ಟ್ರದ್ದು ಅದಕ್ಕಿಂತ ಬಿಗಿ. ಅಂಗಡಿಯವನು ಗೇಜ್‌ನಲ್ಲಿ ಹೇಳಿದರೆ ನಾಲ್ಕರಿಂದ ಭಾಗಿಸಿ, ಮೈಕ್ರಾನ್ ಸಿಗುತ್ತದೆ.

ಚೀಲ ಕೈಯಲ್ಲಿ ಮುದುಡಿ ನೋಡಿದರೆ ಜಾತಿ ಗೊತ್ತಾಗುತ್ತದೆ. ಚರಚರ ಸದ್ದು, ಹಾಲಿನ ಹಾಗೆ ಮಸುಕು ಅಂದರೆ ಎಚ್‌ಎಂ. ಮೆತ್ತಗೆ, ಎಳೆದರೆ ಹಿಗ್ಗುತ್ತದೆ ಅಂದರೆ ಎಲ್‌ಡಿ. ಸ್ವಚ್ಛ ಪಾರದರ್ಶಕ, ಹಿಗ್ಗುವುದಿಲ್ಲ, ಹರಿದರೆ ನೆಟ್ಟಗೆ ಹರಿಯುತ್ತದೆ ಅಂದರೆ ಪಿಪಿ. ಚೀಲಕ್ಕೆ ಬಿಸಿ ಸಾರು ಸುರಿಯುವ ಪದ್ಧತಿ ಪುಣೆಯಲ್ಲಿ ಇನ್ನೂ ಇದೆ. ಯಾವ ಚೀಲ ಆದರೂ ದಯವಿಟ್ಟು ಬೇಡ.

ಪಿಪಿ ಡಬ್ಬಿ ಫ್ರೀಜರ್‌ನಲ್ಲಿ ಇಡಬೇಡಿ. ಬಿಸಿಗೆ ಎಷ್ಟು ಗಟ್ಟಿಯೋ ಚಳಿಗೆ ಅಷ್ಟೇ ಪುಸಕ್ಕು. ಶೂನ್ಯದ ಕೆಳಗೆ ಹೋದರೆ ಮುಚ್ಚಳ ಹಪ್ಪಳದ ಹಾಗೆ ಒಡೆಯುತ್ತದೆ.

---

ಹುಬ್ಬಳ್ಳಿ ಹುಡುಗ ಪಿಂಪರಿ

ಇಷ್ಟೆಲ್ಲ ಯಾಕೆ ಅಕ್ಕಾ, ಬಾಳೆ ಎಲೆಯಲ್ಲಿ ಕಟ್ಟಿಕೊಡಿ. ನಮ್ಮ ಅಜ್ಜಿ ಕಾಲದಲ್ಲಿ ಮೈಕ್ರಾನೂ ಇರಲಿಲ್ಲ ಜಿಎಸ್‌ಎಂ ಕೂಡ ಇರಲಿಲ್ಲ.

---

ಭೋಸರಿ ಕಾಕಾ

ಹುಡುಗಾ, ನಿಮ್ಮ ಅಜ್ಜಿ ಹಿಂಜವಡಿ ಫ್ಲೈಓವರ್ ಮೇಲೆ ಬೈಕಿನಲ್ಲಿ ಸಾರು ಒಯ್ಯುತ್ತಿರಲಿಲ್ಲ.

ಆದರೆ ನಿಗಡಿಯ ಗೃಹಪ್ರವೇಶಕ್ಕೆ ನಿನ್ನ ಮಾತು ಸರಿ. ಪುಣೆಯ ತರಕಾರಿ ಮಾರುಕಟ್ಟೆ ಮಂಡೈಯಲ್ಲಿ ಪತ್ರಾವಳಿ (ಎಲೆ ತಟ್ಟೆ), ದ್ರೋಣ (ದೊನ್ನೆ) ಸಿಗುತ್ತವೆ, ನಮ್ಮ ಕಡೆಯ ಮುತ್ತುಗದ ಎಲೆಯವೇ. ಒಣ ಎಲೆ ತಗೊಂಡರೆ ಹಿಂದಿನ ದಿನ ಒದ್ದೆ ಬಟ್ಟೆ ಮುಚ್ಚಿ ಇಡಬೇಕು, ಇಲ್ಲ ಅಂದರೆ ಬಡಿಸುವಾಗ ಸೀಳುತ್ತವೆ. ಅಡಿಕೆ ಹಾಳೆ ತಟ್ಟೆಯೂ ಒಳ್ಳೆಯದು, ಗಟ್ಟಿ, ಕೈಯಲ್ಲಿ ಹಿಡಿದು ನಿಂತು ಊಟ ಮಾಡುವವರಿಗೆ ಅದೇ ಸರಿ. ಹಾಳೆ ತಟ್ಟೆಯ ಒಳಗೆ ಬೂಷ್ಟಿನ ಕಪ್ಪು ಚುಕ್ಕೆ ಇದ್ದರೆ ಬೇಡ. ಮಳೆಗಾಲದಲ್ಲಿ ಆ ಮಾಲು ಜಾಸ್ತಿ ಬರುತ್ತದೆ. ಒಂದು ಕಟ್ಟು ಬಿಚ್ಚಿಸಿ ನಡುವಿನ ತಟ್ಟೆ ನೋಡಿ ತಗೋ, ಮೇಲಿನದು ಯಾವಾಗಲೂ ಚೆಂದವೇ ಇರುತ್ತದೆ.

---

ಡೊಂಬಿವಲಿ ವೈನಿ

ಸುಮಾ, ನಾನು ಡೊಂಬಿವಲಿಯಲ್ಲಿ ಹೋಳಿಗೆ, ಕರದಂಟು ಆರ್ಡರ್ ಮೇಲೆ ಮಾಡುತ್ತೇನೆ. ಕಾಗದದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಝೆರಾಕ್ಸ್ ಕಾಗದ 70-80 ಇರುತ್ತದೆ. ಬಟರ್ ಪೇಪರ್ 40 ಅಂದರೆ ಅದರ ಅರ್ಧ ದಪ್ಪ ಅಂತ ಅಂದಾಜು ಮಾಡಿಕೊಳ್ಳಿ. ಅಂಗಡಿಯವರು 40 ಅಂತ ಹೇಳಿ 30ರದು ಕೊಡುತ್ತಾರಾ ಅಂತ ಅನುಮಾನ ಇದ್ದರೆ, ಹತ್ತು ಸೆಂಟಿಮೀಟರ್ ಚೌಕದ ಹತ್ತು ತುಂಡು ಕತ್ತರಿಸಿ ಅಡುಗೆಮನೆ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ. ಬಂದ ಗ್ರಾಂ ಅನ್ನು ಹತ್ತರಿಂದ ಗುಣಿಸಿದರೆ ಜಿಎಸ್‌ಎಂ. 4 ಗ್ರಾಂ ಬಂದರೆ 40. ನಮ್ಮ ಅಂಗಡಿಯವನ ಎದುರಿಗೇ ಹೀಗೆ ತೂಗಿ ತೋರಿಸಿದ ಮೇಲೆ ನನಗೆ ಬೇರೆ ಕಪಾಟಿನಿಂದ ಮಾಲು ಕೊಡುತ್ತಾನೆ.

ಇದಕ್ಕಿಂತ ಮುಖ್ಯ, ಬಟರ್ ಪೇಪರ್ ಅನ್ನೋ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾಗದ ಮಾರುತ್ತಾರೆ. ಒಂದು ಬರೀ ಒತ್ತಿ ನುಣುಪು ಮಾಡಿದ ಕಾಗದ, ಎಣ್ಣೆ ಬೇಗ ಇಳಿಯುವುದಿಲ್ಲ. ಹೋಳಿಗೆ ನಡುವೆ ಇಡಲು ಅದು ಸಾಕು, ಅಗ್ಗವೂ ಹೌದು. ಎರಡನೆಯದು ಮೇಣ ಹಚ್ಚಿದ್ದು. ಉಗುರಿನಿಂದ ಕೆರೆದರೆ ಬಿಳಿ ಗೆರೆ ಬೀಳುತ್ತದೆ, ಉಗುರಿಗೆ ಮೇಣ ಅಂಟುತ್ತದೆ. ಬಿಸಿ ರೊಟ್ಟಿ, ಬಿಸಿ ಹೋಳಿಗೆ ಇದರಲ್ಲಿ ಸುತ್ತಬಾರದು, ಮೇಣ ಕರಗಿ ಹತ್ತುತ್ತದೆ. ಮೂರನೆಯದು ಸಿಲಿಕೋನ್ ಹಚ್ಚಿದ ಬೇಕಿಂಗ್ ಪೇಪರ್, ಓವನ್ ಬಿಸಿ ತಡೆಯುತ್ತದೆ, ಏನೂ ಅಂಟುವುದಿಲ್ಲ, ಬೆಲೆ ಜಾಸ್ತಿ. ನಿಮ್ಮ ರೊಟ್ಟಿಗೆ ಮೊದಲನೆಯದು ಸಾಕು.

ರೊಟ್ಟಿಯನ್ನು ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಹಬೆ ಒಳಗೇ ನೀರಾಗಿ ರೊಟ್ಟಿ ಒದ್ದೆ ಆಗುತ್ತದೆ. ಬಿಸಿ ಹೋಗುವವರೆಗೆ ಜಾಳಿಗೆ ಮೇಲೆ ಹರಡಿ, ಆಮೇಲೆ ಕಾಗದದಲ್ಲಿ ಸುತ್ತಿ, ಬೇಕಿದ್ದರೆ ಹೊರಗಿನಿಂದ ಫಾಯಿಲ್. ಗಿರಾಕಿ ಸಂಜೆಗೆ ತಿಂದರೂ ಮೆತ್ತಗೆ ಇರುತ್ತದೆ.

ಒಣ ಸಾಮಾನಿಗೂ ಹಳೆ ಪೇಪರ್ ಬೇಡ. ಮುಂಬೈ ಕಡೆ ವಡಾಪಾವ್‌ಗೆ ಇನ್ನೂ ಕಾಣುತ್ತದೆ, ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ನ್ಯೂಸ್‌ಪೇಪರ್‌ನಲ್ಲಿ ಆಹಾರ ಸುತ್ತುವಂತಿಲ್ಲ. ಬಜ್ಜಿಯ ಎಣ್ಣೆಗೆ ಮಸಿ ಬಿಟ್ಟುಕೊಳ್ಳುತ್ತದೆ, ಬೆರಳಿಗೆ ಹತ್ತುತ್ತದಲ್ಲ, ಹಾಗೆ.

---

ಸುಮಾ ಚಿಂಚವಡ

ಕಾಕಾರೇ, ವೈನಿ, ಚಾಕಣದ ಅಣ್ಣಾ, ಎಲ್ಲರಿಗೂ ದೊಡ್ಡ ನಮಸ್ಕಾರ. ಸ್ಟೀಲ್ ಡಬ್ಬಿ ಅಂತಲೇ ಗಟ್ಟಿ ಮಾಡಿದೆ. ನಮ್ಮ ಯಜಮಾನರಿಗೂ ಹಿಡಿಸಿತು, ತೊಳೆಯುವ ಪಾಳಿ ಅವರದು ಅಂತ ಹೇಳುವವರೆಗೆ.

ಪುಣೆಯ ತುಳಶಿಬಾಗ್ ಪೇಟೆಯಲ್ಲಿ ವಿಚಾರಿಸಿದೆ. ಅಲ್ಲಿ ಇನ್ನೊಂದು ಭಾಷೆ. "202 ಬೇಕಾ 304 ಬೇಕಾ, 22 ಗೇಜ್ ಇದೆ 24 ಗೇಜ್ ಇದೆ." 24 ದೊಡ್ಡದು, ಹಾಗಾದರೆ ಅದೇ ದಪ್ಪ ಅಲ್ವಾ? ಆದರೆ ಅದರ ಬೆಲೆ ಕಡಿಮೆ ಹೇಳಿದ. ಮತ್ತೆ ಅಯಸ್ಕಾಂತ ಹಿಡಿದು "ನೋಡಿ ಅಂಟುವುದಿಲ್ಲ, ಒರಿಜಿನಲ್ 304" ಅಂದ. ಫಾಯಿಲ್ ಮತ್ತು ಆ ಜಿಎನ್ ಒಂದು ಬಾಕಿ ಇದೆ, ಕಾಕಾ.

---

ಭೋಸರಿ ಕಾಕಾ

ಇಲ್ಲಿ ಎಲ್ಲರೂ ಎಡವುತ್ತಾರೆ ತಂಗಿ. ಪ್ಲಾಸ್ಟಿಕ್‌ನಲ್ಲಿ ಗೇಜ್ ಹೆಚ್ಚಾದರೆ ದಪ್ಪ. ಸ್ಟೀಲಿನಲ್ಲಿ ಉಲ್ಟಾ. ನಂಬರ್ ಹೆಚ್ಚಾದಷ್ಟೂ ತಗಡು ತೆಳು. 20 ಗೇಜ್ ಸುಮಾರು 0.9 ಮಿಲಿಮೀಟರ್, 22 ಗೇಜ್ 0.7, 24 ಗೇಜ್ 0.55ರ ಸುತ್ತಮುತ್ತ. ಊಟದ ಡಬ್ಬಿಗೆ 22 ಸಾಕು. 24ರದು ಬೈಕಿನ ಪೆಟ್ಟಿಗೆಯಲ್ಲಿ ಕುಲುಕಿ ಕುಲುಕಿ ಅಂಚು ತಗ್ಗು ಬಿದ್ದು, ಮುಚ್ಚಳ ಕೂಡುವುದು ನಿಲ್ಲುತ್ತದೆ. ಆಮೇಲೆ ಸಾರು ಚೀಲದಲ್ಲಿ.

ಅಯಸ್ಕಾಂತದ ಆಟ ನಂಬಬೇಡ. 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. 430 ಅನ್ನೋ ಜಾತಿಗೆ ಅಂಟುತ್ತದೆ, ಇಂಡಕ್ಷನ್ ಪಾತ್ರೆಯ ಬುಡಕ್ಕೆ ಅದನ್ನು ಹಾಕುತ್ತಾರೆ. 304ರಲ್ಲಿ ನೂರಕ್ಕೆ ಕ್ರೋಮಿಯಂ 18, ನಿಕ್ಕಲ್ 8 ಪಾಲು ಇರುತ್ತದೆ, ಅದಕ್ಕೇ 18/8 ಅಂತಲೂ ಬರೆಯುತ್ತಾರೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕುತ್ತಾರೆ, ಅದಕ್ಕೆ ಅಗ್ಗ. ಹುಳಿ, ಉಪ್ಪು ದಿನಾ ಮುಟ್ಟುವ ಡಬ್ಬಿಗೆ 304 ತಗೋ. ಅನ್ನದ ಡಬ್ಬಿ 202 ಆದರೂ ನಡೆಯುತ್ತದೆ. ಬಿಲ್ಲಿನ ಮೇಲೆ 304 ಅಂತ ಬರೆಸಿಕೋ. ಬರೆಯಲು ಹಿಂದೆಮುಂದೆ ನೋಡಿದರೆ ನಿನಗೆ ಉತ್ತರ ಸಿಕ್ಕಿತು ಅಂತಲೇ ಅರ್ಥ. ಮುಚ್ಚಳದಲ್ಲಿ ಸಿಲಿಕೋನ್ ರಿಂಗ್ ಇರುವುದಾದರೆ ದಿನಾ ಬಿಚ್ಚಿ ತೊಳೆಯಬೇಕು. ಇಲ್ಲ ಅಂದರೆ ನಿನ್ನೆಯ ಬೆಳ್ಳುಳ್ಳಿ ಇವತ್ತಿನ ಮೊಸರಿನಲ್ಲಿ ಬರುತ್ತದೆ. ಬಿಡಿ ರಿಂಗ್ ಸಿಗುತ್ತದಾ ಅಂತ ಕೇಳಿಯೇ ಡಬ್ಬಿ ತಗೋ.

ಇನ್ನು ಫಾಯಿಲ್. ಗ್ರಾಸ್ ಅಂದರೆ ಒಳಗಿನ ರಟ್ಟಿನ ಕೊಳವೆ, ಹೊರಗಿನ ಪೆಟ್ಟಿಗೆ ಸೇರಿದ ತೂಕ. ರಟ್ಟು ತಿನ್ನಲು ಬರುವುದಿಲ್ಲ. ನೆಟ್ ಎಷ್ಟು, ಮೈಕ್ರಾನ್ ಎಷ್ಟು ಅಂತ ಕೇಳು. ಮನೆ ಬಳಕೆಗೆ 11 ಮೈಕ್ರಾನ್ ಚೆನ್ನಾಗಿ ನಡೆಯುತ್ತದೆ, ಅದಕ್ಕಿಂತ ತೆಳುವಾದದ್ದು ರೊಟ್ಟಿಯ ಅಂಚಿಗೇ ತೂತು ಬೀಳುತ್ತದೆ. 11 ಮೈಕ್ರಾನ್ ಆದರೆ ಒಂದು ಚದರ ಮೀಟರಿಗೆ ಸುಮಾರು 30 ಗ್ರಾಂ ತೂಗುತ್ತದೆ, ವೈನಿ ಹೇಳಿದ ಹತ್ತು ತುಂಡಿನ ಲೆಕ್ಕ ಇಲ್ಲೂ ನಡೆಯುತ್ತದೆ, 3 ಗ್ರಾಂ ಬರಬೇಕು. ಹೊಳೆಯುವ ಬದಿ ಒಳಗೋ ಹೊರಗೋ ಅಂತ ಜಗಳ ಆಡುವವರು ಬಹಳ. ಎರಡೂ ಒಂದೇ. ಕೊನೆಯ ಸಲ ಉರುಳೆಯಲ್ಲಿ ಒತ್ತುವಾಗ ಎರಡು ಹಾಳೆ ಜೋಡಿಸಿ ಬಿಡುತ್ತಾರೆ, ಉರುಳೆಗೆ ತಾಗಿದ ಬದಿ ಹೊಳೆಯುತ್ತದೆ, ಅಷ್ಟೇ.

ಫಾಯಿಲ್ ಅಥವಾ ಫಾಯಿಲ್ ಡಬ್ಬಿಯಲ್ಲಿ ಹುಣಸೆಹುಳಿ, ಟೊಮೆಟೊ, ನಿಂಬೆ, ಉಪ್ಪಿನಕಾಯಿ ಬೇಡ. ಹುಳಿ ಉಪ್ಪು ಸೇರಿದರೆ ಅಲ್ಯೂಮಿನಿಯಂ ತಿನ್ನುತ್ತದೆ, ಸಣ್ಣ ತೂತು ಬೀಳುತ್ತವೆ. ನಿನ್ನ ಎಣ್ಣೆಗಾಯಿಯಲ್ಲಿ ಹುಣಸೆ ಹಾಕುತ್ತೀಯಲ್ಲ, ಅದೂ ಬೇಡ. ಮೈಕ್ರೊವೇವ್‌ನಲ್ಲಿ ಇಡುವ ಗಿರಾಕಿಗೆ ಫಾಯಿಲ್ ಡಬ್ಬಿ ಕೊಡಲೇಬಾರದು. ಸ್ಟೀಲಿಗೂ ಅದೇ ಮಾತು. ಮುಚ್ಚಳದ ಮೇಲೆ ಬರೆದು ಅಂಟಿಸು. ಆಫೀಸಿನ ಹುಡುಗರು ಓದದೆ ಒತ್ತುತ್ತಾರೆ.

---

ಚಾಕಣ ಮೋಲ್ಡಿಂಗ್

ಗೃಹಪ್ರವೇಶದಲ್ಲಿ ಚಹಾಕ್ಕೆ ಕಾಗದದ ಕಪ್ ಇಡುವುದಾದರೆ ಒಂದು ಮಾತು. ಆ ಕಪ್ಪಿನ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲ ಅಂದರೆ ಚಹಾ ನಿಲ್ಲುವುದಿಲ್ಲ. ಖರಗಪುರ ಐಐಟಿಯವರು 2020ರಲ್ಲಿ ನೋಡಿದ ಹಾಗೆ, 100 ಮಿಲಿ ಬಿಸಿ ದ್ರವ 15 ನಿಮಿಷ ಕಪ್ಪಿನಲ್ಲಿ ಇದ್ದರೆ ಸುಮಾರು 25,000 ಮೈಕ್ರೊಪ್ಲಾಸ್ಟಿಕ್ ಕಣ ಬಿಡುತ್ತವೆ. ಪಿಎಲ್‌ಎ ಕಪ್, ಕಾರ್ನ್ ಕಪ್ (ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್) ಅಂತ ಬಂದರೆ ಅದು ಪೂರ್ತಿ ಪಿಎಲ್‌ಎಯದಾದರೆ ತಣ್ಣನೆ ಪಾನಕಕ್ಕೆ ಮಾತ್ರ. 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಾಡಿಗೆಗೆ ಸ್ಟೀಲ್ ಲೋಟ ಸಿಗುವಾಗ ನಾನಾದರೆ ಅದನ್ನೇ ತರುತ್ತೇನೆ.

---

ಭೋಸರಿ ಕಾಕಾ

ಜಿಎನ್ ಅಂದರೆ ಗ್ಯಾಸ್ಟ್ರೊನಾರ್ಮ್. ಹೋಟೆಲಿನಲ್ಲಿ ಊಟ ತುಂಬಿಡುವ ಆಳದ ತಟ್ಟೆಗಳಿಗೆ ಇರುವ ಒಂದೇ ಅಳತೆ, ಎಲ್ಲಿ ತಂದರೂ ಒಂದರೊಳಗೆ ಒಂದು ಕೂರಬೇಕು ಅಂತ. ಒನ್ ಬೈ ಒನ್ ಅಂದರೆ 530 ಗುಣಿಸು 325 ಮಿಲಿಮೀಟರ್, ಪೂರ್ತಿ ತಟ್ಟೆ. ಹಾಫ್ ಅಂದರೆ ಅದರ ಅರ್ಧ. ಚೇಫಿಂಗ್ ಡಿಶ್ ಅಂದರೆ ಬಫೆಯಲ್ಲಿ ಊಟ ಬಿಸಿ ಇಡುವ ಪಾತ್ರೆ. ಒಂದು ಚೇಫಿಂಗ್ ಡಿಶ್‌ನಲ್ಲಿ ಒಂದು ಪೂರ್ತಿ ಅಥವಾ ಎರಡು ಹಾಫ್ ಕೂರುತ್ತವೆ. ಆಳ ಬೇರೆ ಕೇಳುತ್ತಾರೆ, 65 ಅಥವಾ 100 ಮಿಲಿಮೀಟರ್. ಅನ್ನ, ಬಿಸಿಬೇಳೆ ಬಾತ್‌ಗೆ 100ರ ಪೂರ್ತಿ. ಪಲ್ಯ ಎರಡು ತರ ಇದ್ದರೆ 65ರ ಹಾಫ್ ಎರಡು. ಸಾರಿಗೆ ಅದು ಬೇಡ, ದುಂಡನೆಯ ಸೂಪ್ ಪಾತ್ರೆ ಕೇಳು, ಸೌಟು ಮುಳುಗಬೇಕಲ್ಲ. 60 ಜನಕ್ಕೆ ಎರಡೂ ಬದಿಯಿಂದ ಬಡಿಸಿಕೊಳ್ಳುವ ಹಾಗೆ ಸಾಲು ಇಟ್ಟರೆ ನೂಕುನುಗ್ಗಲು ಆಗುವುದಿಲ್ಲ.

ಚೇಫಿಂಗ್ ಡಿಶ್ ಬಿಸಿಯನ್ನು ಕಾಯುತ್ತದೆ, ಬಿಸಿ ಮಾಡುವುದಿಲ್ಲ. ತಣ್ಣಗಾದ ಅನ್ನ ಹಾಕಿ ಕೆಳಗೆ ಜೆಲ್ (ಡಬ್ಬಿಯಲ್ಲಿ ಬರುವ ಉರಿಯುವ ಇಂಧನ) ಹಚ್ಚಿದರೆ ಉಗುರುಬೆಚ್ಚಗೆ ಆಗಿ ಅಲ್ಲೇ ಕೆಡುತ್ತದೆ. ಒಲೆಯಿಂದ ಕುದಿಯುವುದನ್ನೇ ಹಾಕು. ಕೆಳಗಿನ ನೀರಿನ ತಟ್ಟೆಗೂ ಕುದಿ ನೀರೇ, ಒಂದು ಬೆರಳು ಆಳ. ಊಟದ ಬಿಸಿ 60 ಡಿಗ್ರಿ ಕೆಳಗೆ ಇಳಿಯಬಾರದು. ಕೋಲು ಥರ್ಮಾಮೀಟರ್ ಒಂದು ತಗೊಂಡುಬಿಡು, ಡಬ್ಬಿ ವ್ಯಾಪಾರಕ್ಕೂ ಬರುತ್ತದೆ.

ಜೆಲ್ ಡಬ್ಬಿ ಬಗ್ಗೆ ಎಚ್ಚರ. ಹಗಲಿನಲ್ಲಿ ಅದರ ಉರಿ ಕಾಣುವುದಿಲ್ಲ, ಆರಿದೆ ಅಂತ ಬಡಿಸುವ ಹುಡುಗರು ಕೈ ಹಾಕುತ್ತಾರೆ. ಉರಿಯುವಾಗ ಮೇಲಿನಿಂದ ಜೆಲ್ ಸುರಿಯಲೇಬಾರದು. ಆರಿಸಲು ಊದಬೇಡಿ, ಅದರದೇ ತಗಡಿನ ಮುಚ್ಚಳ ಇಕ್ಕಳದಿಂದ ಹಿಡಿದು ಮುಚ್ಚಿ. ಹಚ್ಚಿದ ಕೂಡಲೇ ಮುಚ್ಚಳಗಳನ್ನು ಕಸಕ್ಕೆ ಹಾಕುವವರು ಇರುತ್ತಾರೆ, ಅವನ್ನು ನೀನೇ ಒಂದು ಕಡೆ ಎತ್ತಿಡು. ಉಳಿದ ಜೆಲ್ ಮುಂದಿನ ಆರ್ಡರ್‌ಗೆ ಬರುತ್ತದೆ.